ಡ್ರ್ಯಾಗನ್ಸ್ ಡಾಗ್ಮಾ 2 ತಗೊಳ್ಳೋದಾ ಬಿಡೋದಾ? ಶಿಡ್ಲಘಟ್ಟದ ತಮ್ಮನಿಗೆ ಉತ್ತರ

ಪ್ರಶ್ನೆ: ಅಣ್ಣಾ ನಮಸ್ತೆ, ನಾನು ಶಿಡ್ಲಘಟ್ಟ ಕಡೆ ಹಳ್ಳಿಯೋನು, ಬಿ.ಕಾಂ ಕೊನೇ ವರ್ಷ. ಮನೇಲಿ ರೇಷ್ಮೆ ಹುಳ ಸಾಕ್ತೀವಿ, ಎರಡು ಬೆಳೆಯಿಂದ ಅಪ್ಪ ನನ್ನ ಖರ್ಚಿಗೆ ಅಂತ ಕೊಟ್ಟ ದುಡ್ಡು ಹಂಗೇ ಇಟ್ಟಿದೀನಿ. ಡ್ರ್ಯಾಗನ್ಸ್ ಡಾಗ್ಮಾ ಡಾರ್ಕ್ ಅರಿಸನ್ ಮೂರು ಸಲ ಮುಗಿಸಿದೀನಿ, ಅದಕ್ಕಿಂತ ಇಷ್ಟವಾದ ಗೇಮ್ ನಂಗಿಲ್ಲ. ಎರಡನೇ ಭಾಗ ತಗೊಳ್ಳೋಣ ಅಂತ ವಿಚಾರಿಸಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬೆಂಗಳೂರಲ್ಲಿರೋ ಫ್ರೆಂಡ್ ಒಬ್ಬ ಅದು ದುಡ್ಡು ಕೀಳೋ ಗೇಮ್, ಒಂದೂರಿಂದ ಇನ್ನೊಂದೂರಿಗೆ ಹೋಗೋಕೂ ದುಡ್ಡು ಕೊಡ್ಬೇಕು ಅಂದ. ಇನ್ನೊಬ್ಬ ಇಂಥ ಗೇಮ್ ಹತ್ತು ವರ್ಷಕ್ಕೊಂದು ಬರೋದು ಅಂದ. ಸಿಟಿ ಒಳಗೆ ಹೋದ್ರೆ ದೊಡ್ಡ ದೊಡ್ಡ ಪಿಸಿನೇ ತಡವರಿಸುತ್ತಂತೆ. ನಂದು ರೈಜನ್ 5 3600 ಸಿಪಿಯು, ಜಿಟಿಎಕ್ಸ್ 1660 ಸೂಪರ್ 6 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಚಿಕ್ಕಪ್ಪನ ಮಗ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸು ಎಲ್ಲ ಸರಿಹೋಗುತ್ತೆ ಅಂತಾನೆ, ಕಾಲೇಜಲ್ಲೊಬ್ಬ ಕ್ರ್ಯಾಕ್ (ಕಾಪಿ ತಡೆ ಮುರಿದ ಕಳ್ಳ ಪ್ರತಿ) ಕೊಡ್ತೀನಿ ಫ್ರೀ ಅಂತಾನೆ. ಯಾರ ಮಾತು ಕೇಳ್ಲಿ? ದುಡ್ಡು ಹಾಳಾದ್ರೆ ಅಪ್ಪನ ಮುಖ ನೋಡೋಕಾಗಲ್ಲ.

ಉತ್ತರ: ತಮ್ಮಾ, ನೀನು ಬರೆದದ್ದನ್ನ ಎರಡು ಸಲ ಓದ್ದೆ. ಕೊನೇ ಸಾಲು ಇದೆಯಲ್ಲ, ಅದನ್ನ ಮುಂದಿಟ್ಕೊಂಡೇ ಉತ್ತರ ಬರೀತಿದೀನಿ. ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ಮೇಲೆ ರಾತ್ರಿ ಹಗಲು ಅನ್ನದೆ ಸೊಪ್ಪು ಹಾಕಿ, ಗೂಡು ಕಟ್ಟೋ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೊತ್ಕೊಂಡು ಹೋಗಿ ಬಂದ ದುಡ್ಡು ಅದು, ಅದನ್ನ ಎಲ್ಲಿ ಹಾಕ್ಬೇಕು ಅಂತ ನೀನು ಇಷ್ಟು ಯೋಚನೆ ಮಾಡ್ತಿರೋದು ನಂಗೆ ನಿಜವಾಗ್ಲೂ ಖುಷಿ ಆಯ್ತು. ನಾನು ಕೋಲಾರದಲ್ಲಿ 15 ವರ್ಷದಿಂದ ಪಿಸಿ ಅಸೆಂಬಲ್ ಮಾಡ್ತಾ ರಿಪೇರಿ ಮಾಡ್ತಾ ಇದೀನಿ, ಅದಕ್ಕೂ ಮುಂಚೆ ಬೆಂಗಳೂರಲ್ಲಿ ಮೂರು ವರ್ಷ ಗೇಮ್ ಟೆಸ್ಟಿಂಗ್ ಕೆಲಸ ಮಾಡಿದೀನಿ, ಈ ಗೇಮ್‌ನ ನಾನೇ ದುಡ್ಡು ಕೊಟ್ಟು ತಗೊಂಡು ಪೂರ್ತಿ ಮುಗಿಸಿದೀನಿ. ಹಂಗಾಗಿ ಗೇಮ್ ಬಗ್ಗೆನೂ ಮಷಿನ್ ಬಗ್ಗೆನೂ ನೋಡಿದ್ದನ್ನೇ ಹೇಳ್ತೀನಿ.

ನಿನ್ನ ತಲೇಲಿ ಮೂರು ಪ್ರಶ್ನೆ ಸೇರ್ಕೊಂಡು ಗಂಟಾಗಿವೆ. ಕಂಪನಿ ಮೋಸ ಮಾಡ್ತಿದೆಯಾ, ನನ್ನ ಪಿಸಿ ಎಳೆಯುತ್ತಾ, ಗೇಮ್ ಚೆನ್ನಾಗಿದೆಯಾ. ಬೇರೆಯೋರು ಹೇಳೋ ಅಭಿಪ್ರಾಯಗಳೂ ಹಿಂಗೇ ಗಂಟಾಗಿರೋದ್ರಿಂದಲೇ ಒಬ್ಬ ಕಸ ಅಂತಾನೆ ಒಬ್ಬ ಚಿನ್ನ ಅಂತಾನೆ, ಇಬ್ರೂ ಸುಳ್ಳು ಹೇಳ್ತಿಲ್ಲ. ನಿಮ್ಮೂರ ಗೂಡಿನ ಮಾರ್ಕೆಟ್ಟಲ್ಲೇ ನೋಡು, ಒಂದೇ ಲಾಟ್ ಗೂಡಿಗೆ ನೂಲು ತೆಗೆಯೋ ರೀಲರ್ ಒಬ್ಬ ಜಾಸ್ತಿ ಕೂಗ್ತಾನೆ ಇನ್ನೊಬ್ಬ ಮುಟ್ಟಿ ನೋಡಿ ಮುಂದಕ್ಕೆ ಹೋಗ್ತಾನೆ, ಆಟೋಮ್ಯಾಟಿಕ್ ಮಷಿನ್ ಇಟ್ಟೋನಿಗೆ ಬೇಕಾದ ಗೂಡೇ ಬೇರೆ ಚರಕದೋನಿಗೆ ನಡೆಯೋ ಗೂಡೇ ಬೇರೆ. ಗೇಮ್ ರಿವ್ಯೂ ಓದೋವಾಗ್ಲೂ ಹೇಳ್ತಿರೋನು ಯಾರು, ಅವನ ಮಷಿನ್ ಯಾವ್ದು, ಅವನಿಗೆ ಬೇಕಿದ್ದದ್ದು ಏನು ಅಂತ ಮೊದಲು ಕೇಳ್ಕೋಬೇಕು.

ಮೊದಲು ದುಡ್ಡಿನ ಗಲಾಟೆ. ಗೇಮ್ 2024ರ ಮಾರ್ಚ್ 22ಕ್ಕೆ ಬಂತು, ಆವಾಗ ಅಮೆರಿಕದಲ್ಲಿ 70 ಡಾಲರ್ ಬೆಲೆ ಇತ್ತು. ಬಂದ ದಿನಾನೇ ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅದರ ಪಕ್ಕದಲ್ಲೇ ಚಿಲ್ಲರೆ ಚಿಲ್ಲರೆ ಐಟಂಗಳ ದೊಡ್ಡ ಪಟ್ಟಿ ಬೇರೆ ದುಡ್ಡಿಗೆ ಮಾರೋಕಿಟ್ಟಿದ್ರು, ಪಾನ್ ಅನ್ನೋ, ಕಂಪ್ಯೂಟರೇ ಆಡಿಸೋ ಜೊತೆಗಾರರನ್ನ ಬಾಡಿಗೆಗೆ ಕರ್ಕೊಳ್ಳೋಕೆ ಬೇಕಾದ ರಿಫ್ಟ್ ಕ್ರಿಸ್ಟಲ್, ಸತ್ರೆ ಬದುಕಿಸೋ ವೇಕ್‌ಸ್ಟೋನ್, ಪೋರ್ಟ್‌ಕ್ರಿಸ್ಟಲ್, ಮುಖ ಬದಲಾಯಿಸೋ ಆರ್ಟ್ ಆಫ್ ಮೆಟಮಾರ್ಫಸಿಸ್ ಪುಸ್ತಕ, ಹಗುರವಾದ ಕ್ಯಾಂಪಿಂಗ್ ಕಿಟ್, ಜೈಲಿಂದ ತಪ್ಪಿಸ್ಕೊಳ್ಳೋ ಬೀಗದಕೈ ಕೂಡ. ಜನಕ್ಕೆ ಉರಿದುಹೋಯ್ತು, ಮೊದಲ ದಿನಾನೇ ರಿವ್ಯೂ ‘ಮೋಸ್ಟ್ಲಿ ನೆಗೆಟಿವ್’ ಆಯ್ತು. ನಿನ್ನ ಫ್ರೆಂಡ್ ಹೇಳಿದ ‘ಊರಿಂದೂರಿಗೆ ಹೋಗೋಕೂ ದುಡ್ಡು’ ಅನ್ನೋ ಮಾತು ಆಗ ಹುಟ್ಟಿದ್ದು. ಅದು ತಪ್ಪು. ದುಡ್ಡಿಗೆ ಸಿಗೋದು ಒಂದೇ ಒಂದು ಪೋರ್ಟ್‌ಕ್ರಿಸ್ಟಲ್, ಅದು ಬರೀ ಗುರುತು ಕಲ್ಲು ಇದ್ದಂಗೆ, ಅಲ್ಲಿಗೆ ಹಾರೋಕೆ ಫೆರ‍್ರಿಸ್ಟೋನ್ ಬೇಕು, ಫೆರ‍್ರಿಸ್ಟೋನ್‌ನ ನಿಜವಾದ ದುಡ್ಡಿಗೆ ಮಾರೋದೇ ಇಲ್ಲ. ಗೇಮ್ ಒಳಗಿನ ಅಂಗಡೀಲಿ ಒಂದಕ್ಕೆ 10,000 ಗೋಲ್ಡ್, ಆಡ್ತಾ ಆಡ್ತಾ ಪೆಟ್ಟಿಗೆಗಳಲ್ಲೂ ಸಿಗುತ್ತೆ. ಆ ಪಟ್ಟಿಯಲ್ಲಿರೋ ಬಳಸೋ ವಸ್ತುಗಳಲ್ಲಿ ಹೆಚ್ಚಿನವನ್ನ ಆಟದೊಳಗೆ ದುಡಿದೇ ತಗೋಬಹುದು, ನಾನು ಗೇಮ್ ಬಿಟ್ಟು ಬೇರೆ ಒಂದು ರೂಪಾಯಿ ಹಾಕಿಲ್ಲ, ಎಲ್ಲೂ ಅಡ್ಡ ಆಗ್ಲಿಲ್ಲ. ಮೊದಲ ಗೇಮ್ ಕನ್ಸೋಲ್‌ಗೆ ಬಂದಾಗ್ಲೂ ರಿಫ್ಟ್ ಕ್ರಿಸ್ಟಲ್ ಮಾರ್ತಿದ್ರು, ಆವಾಗ ಯಾರೂ ಅಷ್ಟು ಗಮನಿಸ್ಲಿಲ್ಲ.

ಆದ್ರೆ ಇದಿಷ್ಟಕ್ಕೇ ಜನರ ಸಿಟ್ಟು ಸುಳ್ಳು ಅಂತ ನಾನು ಹೇಳಲ್ಲ. ಮುಖ ಬದಲಾಯಿಸೋ ಪುಸ್ತಕ ಆಟದೊಳಗೆ ಶುರುವಲ್ಲಿ ಎರಡೇ ಕೊಡ್ತಿದ್ರು, ಜಾಸ್ತಿ ಬೇಕಂದ್ರೆ ದುಡ್ಡು ಕೊಡು ಅನ್ನೋ ಥರ ಕಾಣ್ತಿತ್ತು. ಹೊಸದಾಗಿ ಶುರು ಮಾಡೋ ‘ನ್ಯೂ ಗೇಮ್’ ಆಯ್ಕೆನೇ ಇರ್ಲಿಲ್ಲ, ಪಿಸಿಯಲ್ಲಿ ಆಡೋರು ಸೇವ್ ಫೈಲ್ ಹುಡುಕಿ ಡಿಲೀಟ್ ಮಾಡಿ ಸ್ಟೀಮ್ ಕ್ಲೌಡ್ ಆಫ್ ಮಾಡಿ ಏನೇನೋ ಸರ್ಕಸ್ ಮಾಡ್ತಿದ್ರು. ಆಮೇಲೆ ಗೇಮ್ ಮಾಡಿದ ಕ್ಯಾಪ್‌ಕಾಮ್ ಕಂಪನಿಯೋರು ಕ್ಷಮೆ ಕೇಳಿ ಅಪ್‌ಡೇಟ್ ಕೊಟ್ಟು ನ್ಯೂ ಗೇಮ್ ಸೇರಿಸಿದ್ರು, ಪಾನ್ ಗಿಲ್ಡ್‌ನಲ್ಲಿ ಆ ಪುಸ್ತಕದ ಲೆಕ್ಕ ಎರಡರಿಂದ 99ಕ್ಕೆ ಏರಿಸಿದ್ರು. ಅಂದ್ರೆ ಜನ ಕೂಗಿದ್ದಕ್ಕೆ ಫಲ ಸಿಕ್ತು, ಆ ಕೂಗಿದ ರಿವ್ಯೂಗಳು ಈಗ್ಲೂ ಹಂಗೇ ಇವೆ, ನೀನು ಇವತ್ತು ಹೋಗಿ ಓದಿದ್ರೆ ಇವತ್ತಿನ ಮಾತು ಅನ್ನಿಸುತ್ತೆ ಅಷ್ಟೇ. ಅದಕ್ಕೇ ತಾರೀಖು ನೋಡು. ಸ್ಟೀಮ್‌ನಲ್ಲಿ ಕಳೆದ 30 ದಿನದ ರಿವ್ಯೂ ಬೇರೆ ತೋರಿಸ್ತಾರೆ, ಆಡಿದ ಗಂಟೆ ಮೇಲೆ ಸೋಸಿ ನೋಡೋ ಆಯ್ಕೆನೂ ಇದೆ. ಅಲ್ಲಿ ಬರೋ ಹೆಸರುಗಳ ಲೆಕ್ಕ ಗೊತ್ತಿರ್ಲಿ, ನೂರಕ್ಕೆ 20ರಿಂದ 39 ಜನ ಚೆನ್ನಾಗಿದೆ ಅಂದ್ರೆ ಮೋಸ್ಟ್ಲಿ ನೆಗೆಟಿವ್, 40ರಿಂದ 69 ಮಿಕ್ಸ್ಡ್, 70 ದಾಟಿದ್ರೆ ಪಾಸಿಟಿವ್ ಕಡೆಗೆ. ಈ ಗೇಮ್ ಮೊದಲ ದಿನದ ಪಾತಾಳದಿಂದ ಮಿಕ್ಸ್ಡ್‌ಗೆ ಏರ್ತು. ಮಿಕ್ಸ್ಡ್ ಅಂದ್ರೆ ಸುಮಾರಾಗಿದೆ ಅಂತ ಅರ್ಥ ಅಲ್ಲ, ಅರ್ಧ ಜನಕ್ಕೆ ಪ್ರಾಣ ಉಳಿದ ಅರ್ಧಕ್ಕೆ ಸಿಟ್ಟು ಅಂದ್ರೂ ಅದೇ ಹೆಸರು ಬರುತ್ತೆ, ಈ ಗೇಮ್‌ದು ಆ ಥರದ್ದು.

ಈಗ ನಿನ್ನ ಪಿಸಿಗೆ ಬರೋಣ, ನಿಜವಾದ ಅಪಾಯ ಇರೋದು ಇಲ್ಲಿ, ಸ್ವಲ್ಪ ಉದ್ದ ಆಗುತ್ತೆ ಬೇಜಾರಾಗ್ಬೇಡ.

ಸಾಮಾನ್ಯವಾಗಿ ಗೇಮ್ ತಡವರಿಸಿದ್ರೆ ಗ್ರಾಫಿಕ್ಸ್ ಕಾರ್ಡ್ ಸಾಲ್ತಿಲ್ಲ ಅಂತ ಲೆಕ್ಕ, ಸೆಟ್ಟಿಂಗ್ ಕಮ್ಮಿ ಮಾಡಿದ್ರೆ ಸರಿಹೋಗುತ್ತೆ. ಈ ಗೇಮ್ ಹಂಗಲ್ಲ. ಕಂಪನಿಯೋರೇ ಹೇಳಿದ್ರು, ಸಿಪಿಯುನ ಹೆಚ್ಚಿನ ಕೆಲಸ ಒಂದೊಂದು ಪಾತ್ರಕ್ಕೆ ಹೋಗುತ್ತೆ, ಆ ಪಾತ್ರ ಎಲ್ಲಿದೆ ಏನು ಮಾಡ್ತಿದೆ ಯಾರಿಗೆ ತಾಗುತ್ತೆ ಅಂತ ಪ್ರತಿ ಕ್ಷಣ ಲೆಕ್ಕ ಹಾಕ್ತಿರುತ್ತೆ, ಜನ ಜಾಸ್ತಿ ಇರೋ ಕಡೆ ಅದಕ್ಕೇ ಫ್ರೇಮ್ (ಸೆಕೆಂಡಿಗೆ ಬರೋ ಚಿತ್ರಗಳ ಲೆಕ್ಕ) ಬೀಳುತ್ತೆ ಅಂತ. ನಮ್ಮ ಕೋಲಾರದ ಟೊಮೆಟೊ ಮಂಡಿ ಸೀಸನ್‌ನಲ್ಲಿ ನೋಡಿದೀಯಲ್ಲ, ಹೊರಗೆ ಲಾರಿ ಸಾಲಾಗಿ ನಿಂತಿರ್ತವೆ, ಹಮಾಲಿಗಳು ಕಾಯ್ತಿರ್ತಾರೆ, ಆದ್ರೆ ಬಾಕ್ಸ್ ಎಣಿಸಿ ಚೀಟಿ ಬರೆಯೋನು ಒಬ್ನೇ ಇದ್ರೆ ಹತ್ತು ಲಾರಿ ಜಾಸ್ತಿ ತಂದು ನಿಲ್ಸಿದ್ರೂ ಒಂದು ಬಾಕ್ಸೂ ಬೇಗ ಏರಲ್ಲ. ಲಾರಿ ಅಂದ್ರೆ ಗ್ರಾಫಿಕ್ಸ್ ಕಾರ್ಡ್, ಚೀಟಿ ಬರೆಯೋನು ಸಿಪಿಯು. ವರ್ನ್‌ವರ್ತ್ ಅನ್ನೋ ರಾಜಧಾನಿ ಒಳಗೆ ಕಾಲಿಟ್ರೆ ಸಂತೆ ದಿನ ಇದ್ದಂಗೆ ಜನ, ಅಲ್ಲಿ ಚೀಟಿ ಬರೆಯೋನ ಕೈ ಸೋಲುತ್ತೆ. ಗೇಮ್ ಬಂದ ಹೊಸತರಲ್ಲಿ ಕೆಲವರು ಊರಲ್ಲಿರೋ ಜನರನ್ನ ಒಬ್ಬೊಬ್ಬರನ್ನೇ ಕೊಂದು ನೋಡಿದ್ರು, ಜನ ಕಮ್ಮಿ ಆದಂಗೆ ಫ್ರೇಮ್ ಏರ್ತು, ಕಾರಣ ಎಲ್ಲಿದೆ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ.

ಎಲ್ಲಾ ಡೆನುವೋದಿಂದ ಆಗಿದ್ದು, ಆ ಕಾಪಿ ತಡೆಯೋ ಸಾಫ್ಟ್‌ವೇರ್ ತೆಗೆದ್ರೆ ಗೇಮ್ ಹಾರುತ್ತೆ ಅನ್ನೋ ಮಾತೂ ನಿನ್ನ ಕಿವಿಗೆ ಬಿದ್ದಿರುತ್ತೆ. ಗೇಮ್ ಬಂದಾಗ ಡೆನುವೋ ಇದ್ದದ್ದು ನಿಜ, ಆದ್ರೆ ಕಾಡಲ್ಲಿ ಚೆನ್ನಾಗಿ ಓಡಿ ಸಿಟಿಯಲ್ಲಿ ಮಾತ್ರ ಬೀಳೋದು, ಜನ ಸತ್ತಂಗೆ ಏರೋದು, ಇದೆಲ್ಲಾ ನೋಡಿದ್ರೆ ಮುಖ್ಯ ಭಾರ ಪಾತ್ರಗಳದ್ದೇ. ಆಮೇಲೆ ಬಂದ ಅಪ್‌ಡೇಟ್‌ಗಳಲ್ಲಿ ಸಿಟಿ ಮೊದಲಿಗಿಂತ ಸುಧಾರಿಸಿದೆ, ನನ್ನ ಅಂಗಡಿಗೆ ಬರೋ ಮಷಿನ್‌ಗಳಲ್ಲೇ ವ್ಯತ್ಯಾಸ ಕಂಡಿದೀನಿ, ಪೂರ್ತಿ ವಾಸಿ ಆಗಿದೆ ಅಂತ ಮಾತ್ರ ಹೇಳೋಕಾಗಲ್ಲ.

ಕಂಪನಿ ಹೇಳೋ ಕನಿಷ್ಠ ಅಂದ್ರೆ ರೈಜನ್ 5 3600 ಅಥವಾ ಇಂಟೆಲ್ ಐ5 10600, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1070 ಇಲ್ಲಾ 8 ಜಿಬಿ ಇರೋ ಆರ್‌ಎಕ್ಸ್ 5500 ಎಕ್ಸ್‌ಟಿ. ಇಷ್ಟಿದ್ರೆ 1080 ರೆಸಲ್ಯೂಷನ್‌ನಲ್ಲಿ 30 ಫ್ರೇಮ್ ಸಿಗುತ್ತೆ ಅಂತ ಅವರ ಮಾತು, 60 ಅಲ್ಲ 30, ಇದನ್ನ ಬಹಳ ಜನ ಓದೋದೇ ಇಲ್ಲ. ನಿನ್ನ ಸಿಪಿಯು ಸರಿಯಾಗಿ ಆ ಗೆರೆ ಮೇಲೆ ನಿಂತಿದೆ. ನಿನ್ನ ಕಾರ್ಡ್ ಗೆರೆಗಿಂತ ಸ್ವಲ್ಪ ಕೆಳಗೆ, ಶಕ್ತಿ ಹೆಚ್ಚು ಕಮ್ಮಿ ಸಮ ಇದ್ರೂ ಮೆಮೊರಿ 6 ಜಿಬಿನೇ ಇರೋದ್ರಿಂದ ಟೆಕ್ಸ್ಚರ್ (ಚಿತ್ರದ ನಯ) ಸೆಟ್ಟಿಂಗ್ ಕೆಳಗಿಳಿಸ್ಬೇಕಾಗುತ್ತೆ. ಮುಚ್ಚುಮರೆ ಇಲ್ದೆ ಹೇಳ್ಬೇಕಂದ್ರೆ ಹೊರಗಡೆ ಬೆಟ್ಟ ಗುಡ್ಡದಲ್ಲಿ ಆಡೋ ಮಟ್ಟಕ್ಕೆ ಓಡುತ್ತೆ, ವರ್ನ್‌ವರ್ತ್ ಒಳಗೆ 30ರ ಆಸುಪಾಸಲ್ಲಿ ಏಳ್ತಾ ಬೀಳ್ತಾ ಇರುತ್ತೆ. 60 ಕಂಡು ಅಭ್ಯಾಸ ಆಗಿರೋ ಕಣ್ಣಿಗೆ ಅದು ಹಿಂಸೆ. ಡಾರ್ಕ್ ಅರಿಸನ್ ನಿನ್ನ ಮಷಿನ್‌ನಲ್ಲಿ ನೀರು ಹರಿದಂಗೆ ಓಡಿರುತ್ತೆ, ಆ ನೆನಪಲ್ಲಿ ಕೂತ್ರೆ ಮೊದಲ ಅರ್ಧ ಗಂಟೆಯಲ್ಲೇ ಮನಸ್ಸು ಮುರಿಯುತ್ತೆ, ಅದಕ್ಕೇ ಮೊದಲೇ ಹೇಳ್ತಿದೀನಿ.

ಚಿಕ್ಕಪ್ಪನ ಮಗ ಹೇಳಿದ್ದು ಪ್ರೀತಿಯಿಂದಲೇ, ಆದ್ರೆ ಆ ದಾರಿ ಹಿಡೀಬೇಡ. ಮುಳಬಾಗಿಲು ಕಡೆಯ ಹುಡುಗ ಒಬ್ಬ ನಿನ್ನಂಥದ್ದೇ ಸಿಪಿಯು ಇಟ್ಕೊಂಡು ಬೇರೆ ಅಂಗಡಿಯೋರ ಮಾತು ಕೇಳಿ ದುಬಾರಿ ಕಾರ್ಡ್ ಹಾಕಿಸ್ಕೊಂಡಿದ್ದ. ಆಮೇಲೆ ನನ್ನ ಹತ್ರ ಮಷಿನ್ ಹೊತ್ಕೊಂಡು ಬಂದು ಅಣ್ಣಾ ಸಿಟಿಯಲ್ಲಿ ಒಂದು ಫ್ರೇಮೂ ಏರಿಲ್ಲ ಕಾರ್ಡ್ ಡೂಪ್ಲಿಕೇಟ್ ಇರ್ಬೇಕು ನೋಡು ಅಂದ. ಕಾರ್ಡ್ ಅಪ್ಪಟ ಒರಿಜಿನಲ್. ಕೇಸ್ ಬಿಚ್ಚಿ ನೋಡಿದ್ರೆ ರ‍್ಯಾಮ್ ಒಂದೇ ಕಡ್ಡಿ 16 ಜಿಬಿದು, ಅದೂ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸಾಫ್ಟ್‌ವೇರ್) ಮೆಮೊರಿನ ಪೂರ್ತಿ ವೇಗದಲ್ಲಿ ಓಡಿಸೋ ಎಕ್ಸ್‌ಎಂಪಿ ಆನ್ ಮಾಡಿರ್ಲಿಲ್ಲ, 3200ರ ರ‍್ಯಾಮ್ 2400ರಲ್ಲಿ ತೆವಳ್ತಿತ್ತು, ಸಿಪಿಯು ಫ್ಯಾನ್ ತುಂಬಾ ನಮ್ಮ ಸೀಮೆ ಕೆಂಪು ಧೂಳು. ಎರಡು ಕಡ್ಡಿ ಹಾಕಿ, ಎಕ್ಸ್‌ಎಂಪಿ ಆನ್ ಮಾಡಿ, ಸಿಪಿಯು ಬಿಸಿನ ಕೂಲರ್‌ಗೆ ದಾಟಿಸೋ ಪೇಸ್ಟ್ ಬದಲಾಯಿಸಿ ಕ್ಲೀನ್ ಮಾಡಿ ಕೊಟ್ಟೆ, ಆ ದುಬಾರಿ ಕಾರ್ಡ್ ಮಾಡದ್ದನ್ನ ಅದು ಮಾಡ್ತು. ರೈಜನ್ 3000 ಸೀರೀಸ್‌ಗೆ ರ‍್ಯಾಮ್ ವೇಗ ಬಹಳ ಮುಖ್ಯ, ಸಿಪಿಯು ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡೋ ವೇಗನೇ ಅದಕ್ಕೆ ಕಟ್ಟಿರುತ್ತೆ, ಒಂದೇ ಕಡ್ಡಿ ಇದ್ರೆ ಎರಡು ದಾರಿಯಲ್ಲಿ ಒಂದು ಮುಚ್ಚಿದಂಗೆ. ನಮ್ಮ ಕಡೆ ಅಸೆಂಬಲ್ ಆಗಿ ಬರೋ ಪಿಸಿಗಳಲ್ಲಿ ಈ ಎರಡು ತಪ್ಪು ನಾನು ನೋಡಿದಷ್ಟು ಇನ್ಯಾವ್ದೂ ನೋಡಿಲ್ಲ, ನೋಡಿದಾಗ್ಲೆಲ್ಲ ಹೊಟ್ಟೆ ಉರಿಯುತ್ತೆ, ಐದು ನಿಮಿಷದ ಕೆಲಸ ಅದು, ಮಾಡಿ ಕೊಡೋಕೆ ಏನು ಕಷ್ಟ ಹೇಳು. ನಿಂದು ಹೆಂಗಿದೆ ಅಂತ ಮೊದಲು ನೋಡು. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದ್ರೆ ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಅಂತ ಅಲ್ಲೇ ಬರೆದಿರುತ್ತೆ.

ಇನ್ನೊಂದು ಪರೀಕ್ಷೆ ಹೇಳ್ಕೊಡ್ತೀನಿ, ಯಾವ ಗೇಮ್‌ಗಾದ್ರೂ ಆಗುತ್ತೆ. ಫ್ರೇಮ್ ಬೀಳೋ ಜಾಗದಲ್ಲಿ ನಿಂತು ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸು. ಫ್ರೇಮ್ ಚೆನ್ನಾಗಿ ಏರಿದ್ರೆ ಕಾರ್ಡ್ ಸಾಲ್ತಿರ್ಲಿಲ್ಲ ಅಂತ, ಅಲ್ಲಾಡದೆ ಅಷ್ಟೇ ಇದ್ರೆ ಸಿಪಿಯು ಸಾಲ್ತಿಲ್ಲ ಅಂತ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 60 ಪರ್ಸೆಂಟ್ ಅಂತ ತೋರಿಸಿದ್ರೆ ಇನ್ನೂ 40 ಖಾಲಿ ಇದೆ ಅಂತ ಅಂದ್ಕೋಬೇಡ, ಅದು ಎಲ್ಲಾ ಕೋರ್‌ಗಳ ಸರಾಸರಿ, ಮುಖ್ಯ ಕೆಲಸ ಹೊತ್ತಿರೋ ಒಂದೋ ಎರಡೋ ಕೋರ್ ಆವಾಗ್ಲೇ ನೂರು ಮುಟ್ಟಿರುತ್ತೆ.

ಮುಂದೆ ಯಾವತ್ತಾದ್ರೂ ದುಡ್ಡು ಕೂಡಿ ಅಪ್‌ಗ್ರೇಡ್ ಮಾಡ್ತೀನಿ ಅಂದ್ರೆ ಈ ಗೇಮ್ ಮಟ್ಟಿಗೆ ಮೊದಲು ರ‍್ಯಾಮ್, ಆಮೇಲೆ ಸಿಪಿಯು, ಕೊನೆಗೆ ಕಾರ್ಡ್. ನಿನ್ನ ಬೋರ್ಡ್ ಎಎಂ4 ಸಾಕೆಟ್, 3600 ತೆಗೆದು ಅದೇ ಜಾಗದಲ್ಲಿ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೂರಿಸಬಹುದು, ಅವುಗಳಲ್ಲಿ ಎಲ್3 ಕ್ಯಾಶ್ (ಸಿಪಿಯು ಒಳಗಿನ ಚುರುಕು ಮೆಮೊರಿ) 96 ಎಂಬಿ, ನಿಂದ್ರಲ್ಲಿ 32, ಇಂಥ ಲೆಕ್ಕಾಚಾರದ ಗೇಮ್‌ಗೆ ಆ ಕ್ಯಾಶ್ ತುಂಬಾ ಕೈ ಹಿಡಿಯುತ್ತೆ. ಆದ್ರೆ ಮೂರು ಎಚ್ಚರಿಕೆ. ಅವು ಈಗ ಹೊಸದು ಸಿಗೋದು ಕಷ್ಟ, ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಪಿನ್ ಬಾಗಿದೆಯಾ ನೋಡಿ ಕಣ್ಣ ಮುಂದೆ ಓಡಿಸಿ ತಗೋ. ಬಾಕ್ಸಲ್ಲಿ ಕೂಲರ್ ಬರಲ್ಲ, ನಿನ್ನ ಹಳೇ ಕೂಲರ್ ಸಾಲಲ್ಲ. ಮೂರನೇದು ದೊಡ್ಡದು, ಬಯೋಸ್ ಅಪ್‌ಡೇಟ್ ಮಾಡ್ಬೇಕಾಗುತ್ತೆ, ಅದು ನಡೀತಿರೋವಾಗ ಕರೆಂಟ್ ಹೋದ್ರೆ ಬೋರ್ಡೇ ಎದ್ದೇಳದೆ ಹೋಗಬಹುದು. ನಿಮ್ಮ ಹಳ್ಳಿ ಕಡೆ ಸಿಂಗಲ್ ಫೇಸ್ ತ್ರೀ ಫೇಸ್ ಯಾವಾಗ ಬದಲಾಯಿಸ್ತಾರೋ ಯಾರಿಗೂ ಗೊತ್ತಿರಲ್ಲ, ಯುಪಿಎಸ್ ಇಲ್ದೆ ಆ ಕೆಲಸಕ್ಕೆ ಕೈ ಹಾಕ್ಲೇಬೇಡ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಮಳೆ ಬರ್ತಿರೋವಾಗ ಅಪ್‌ಡೇಟ್ ಹಾಕಿ ಬೋರ್ಡ್ ಕಳ್ಕೊಂಡ, ನನ್ನ ಕೈಲೂ ಅದನ್ನ ಉಳಿಸೋಕಾಗ್ಲಿಲ್ಲ.

ಕ್ರ್ಯಾಕ್ ವಿಷಯ ಜಾಸ್ತಿ ಎಳೆಯಲ್ಲ. ನನ್ನ ಟೇಬಲ್ ಮೇಲೆ ಬರೋ ‘ಪಿಸಿ ಸ್ಲೋ ಆಗಿದೆ’ ಮಷಿನ್‌ಗಳಲ್ಲಿ ಎಷ್ಟೋ ಇಂಥ ಕಡೆಯಿಂದ ಬಂದ ಫೈಲ್‌ಗಳದ್ದೇ ಕೆಲಸ, ಹಿಂದೆ ಕೂತು ನಿನ್ನ ಕಾರ್ಡ್‌ನಲ್ಲಿ ಕ್ರಿಪ್ಟೋ ಮೈನಿಂಗ್ ಮಾಡೋದು, ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡ್ ಎತ್ಕೊಂಡು ಹೋಗೋದು. ನಿಮ್ಮಪ್ಪನ ಬ್ಯಾಂಕ್ ಕೆಲಸ ನೀನೇ ಆ ಪಿಸಿಯಲ್ಲಿ ಮಾಡ್ಕೊಡ್ತಿದ್ರೆ ಯೋಚನೆ ಮಾಡೋದೇ ಬೇಡ. ಮತ್ತೆ ಈ ಗೇಮ್‌ನ ಜೀವಾಳನೇ ಬೇರೆಯೋರ ಪಾನ್‌ಗಳನ್ನ ಬಾಡಿಗೆಗೆ ಕರ್ಕೊಳ್ಳೋದು ನಿನ್ನ ಪಾನ್ ಬೇರೆಯೋರ ಜೊತೆ ಹೋಗಿ ಬರೋದು, ಆನ್‌ಲೈನ್ ಇಲ್ದೆ ಅದು ಇಲ್ಲ.

ಇನ್ನು ಮೂರನೇದು, ಗೇಮ್ ಚೆನ್ನಾಗಿದೆಯಾ. ಇಲ್ಲಿ ನಿನ್ನ ಪತ್ರದಲ್ಲಿ ಒಂದು ಪದ ನಂಗೆ ಬಹಳ ಮುಖ್ಯ ಅನ್ನಿಸ್ತು, ‘ಡಾರ್ಕ್ ಅರಿಸನ್’. ಮೊದಲ ಗೇಮ್ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೆದ್ರೂ ಅವು ಎರಡು. 2012ರಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360ಗೆ ಬಂದದ್ದು ಒಂದು, ಅದರಲ್ಲಿ ಫೆರ‍್ರಿಸ್ಟೋನ್ ಒಂದೊಂದೂ ದುಬಾರಿ, ಜನ ನಡೆದೂ ನಡೆದೂ ಸಾಕಾಗಿ ಬೈದ್ರು, ಇನ್ನು ಕೆಲವರು ಆ ನಡಿಗೆಗೇ ಸೋತು ಹೋದ್ರು. 2013ರಲ್ಲಿ ಡಾರ್ಕ್ ಅರಿಸನ್ ಬಂತು, ಬಿಟರ್‌ಬ್ಲ್ಯಾಕ್ ಐಲ್ ಅನ್ನೋ ಭಯಂಕರ ದ್ವೀಪ ಸೇರಿಸಿದ್ರು, ಪಿಸಿಗೆ 2016ರ ಜನವರಿಯಲ್ಲಿ ಬಂದಾಗ ಎಷ್ಟು ಸಲ ಬೇಕಾದ್ರೂ ಬಳಸೋ ಎಟರ್ನಲ್ ಫೆರ‍್ರಿಸ್ಟೋನ್ ಶುರುವಿಂದಲೇ ಎಲ್ಲರ ಕೈಲಿತ್ತು. ನೀನು ಮೂರು ಸಲ ಮುಗಿಸಿರೋದು ಈ ಎರಡನೇದು. ಹೊಸ ಗೇಮ್ ಯಾವುದರ ಮುಂದುವರಿಕೆ ಅಂದ್ರೆ 2012ರದ್ದರ ಮುಂದುವರಿಕೆ. ನಿರ್ದೇಶಕ ಹಿಡೆಯಾಕಿ ಇಟ್ಸುನೊ ಬೇಕಂತಲೇ ಹಂಗೆ ಮಾಡಿದ್ದು, ಪ್ರಯಾಣ ಬೇಜಾರು ಅನ್ನಿಸಿದ್ರೆ ಅದು ಗೇಮ್ ಬೇಜಾರಾಗಿರೋದ್ರಿಂದ, ದಾರಿಯನ್ನೇ ಚೆನ್ನಾಗಿ ಮಾಡ್ಬೇಕು ಅನ್ನೋದು ಅವರ ವಾದ. ಎಟರ್ನಲ್ ಕಲ್ಲು ಇಲ್ಲ, ಎತ್ತಿನ ಗಾಡಿ ಇದೆ. ದುಡ್ಡು ಕೊಟ್ಟು ಗಾಡಿ ಹತ್ತಿ ತೂಕಡಿಸ್ತಾ ಹೋಗ್ತಿದ್ರೆ ನಡುದಾರಿಯಲ್ಲಿ ಗಾಬ್ಲಿನ್‌ಗಳು ಬಂದು ಬೀಳ್ತವೆ, ಒಂದ್ಸಲ ನಂಗೆ ಗ್ರಿಫಿನ್ ಮೇಲಿಂದ ಎರಗಿ ಗಾಡಿನೇ ಪುಡಿ ಮಾಡ್ತು, ಕತ್ತಲಾಗ್ತಿತ್ತು, ಕ್ಯಾಂಪ್ ಹಾಕೋ ಕಿಟ್ ಇರ್ಲಿಲ್ಲ, ಆರೋಗ್ಯದ ಗೆರೆ ಅರ್ಧಕ್ಕೆ ಕುಸಿದಿತ್ತು, ಲಾಂದ್ರ ಹಚ್ಕೊಂಡು ನಾಲ್ಕೂ ಜನ ನಡ್ಕೊಂಡು ಊರು ಸೇರೋ ಹೊತ್ತಿಗೆ ನನ್ನ ಅಂಗೈ ಬೆವರಿತ್ತು. ಅಂಥ ರಾತ್ರಿಗೋಸ್ಕರ ನಾನು ಈ ಗೇಮ್‌ನ ಪ್ರೀತಿಸ್ತೀನಿ. ಅದೇ ರಾತ್ರಿ ಇನ್ನೊಬ್ಬನಿಗೆ ಟೈಮ್ ವೇಸ್ಟ್, ದಿನಾ ಒಂದು ಗಂಟೆ ಮಾತ್ರ ಬಿಡುವಿರೋನಿಗೆ ಖಂಡಿತ ಹಂಗೆ ಅನ್ನಿಸುತ್ತೆ, ಅವನ ರಿವ್ಯೂನೂ ಪ್ರಾಮಾಣಿಕವಾದದ್ದೇ.

ಹಳೇ ಅಭಿಮಾನಿಗಳ ದೂರುಗಳಲ್ಲಿ ನಾನು ಒಪ್ಪೋವು ಇವೆ. ಬಿಟರ್‌ಬ್ಲ್ಯಾಕ್ ಥರದ್ದು ಇಲ್ಲವೇ ಇಲ್ಲ, ನೀನು ಅದಕ್ಕೋಸ್ಕರ ಮೂರು ಸಲ ಆಡಿದ್ರೆ ಇಲ್ಲಿ ಖಾಲಿ ಅನ್ನಿಸುತ್ತೆ. ಒಮ್ಮೆಗೆ ನಾಲ್ಕೇ ವೆಪನ್ ಸ್ಕಿಲ್ ಇಟ್ಕೋಬಹುದು, ಮೊದಲದ್ರಲ್ಲಿ ಬಿಲ್ಲಿಗೆ ಬೇರೆ ಚಾಕುಗೆ ಬೇರೆ ಇಟ್ಕೊಳ್ತಿದ್ದೆ ಅಲ್ವಾ, ಅದು ಹೋಯ್ತು. ನಕ್ಷೆ ದೊಡ್ಡದು ಆದ್ರೆ ಎದುರಾಳಿಗಳು ಅವೇ ಗಾಬ್ಲಿನ್, ಹಾರ್ಪಿ, ಹಲ್ಲಿಮನುಷ್ಯರು, 40 ಗಂಟೆ ಆದ್ಮೇಲೆ ಸಾಕು ಅನ್ನಿಸುತ್ತೆ. ಕಥೆ ಅರಮನೆ ಭಾಗದಲ್ಲಿ ಚೆನ್ನಾಗಿ ಶುರುವಾಗಿ ಬಟಾಲ್ ದೇಶಕ್ಕೆ ಹೋದ್ಮೇಲೆ ಸಡಿಲ ಆಗುತ್ತೆ. ಇವು ಮಷಿನ್ ಬದಲಾಯಿಸಿದ್ರೂ ಅಪ್‌ಡೇಟ್ ಬಂದ್ರೂ ಸರಿಹೋಗೋವಲ್ಲ. ಇಟ್ಸುನೊ ಅವರು 2024ರಲ್ಲೇ ಕ್ಯಾಪ್‌ಕಾಮ್ ಬಿಟ್ರು, ಡಾರ್ಕ್ ಅರಿಸನ್ ಥರ ಒಂದು ಬಂದು ಎಲ್ಲ ತುಂಬಿಸುತ್ತೆ ಅನ್ನೋ ಆಸೆ ಮೇಲೆ ದುಡ್ಡು ಹಾಕ್ಬೇಡ, ಇವತ್ತು ಇರೋ ಗೇಮ್ ಬೇಕು ಅನ್ನಿಸಿದ್ರೆ ಮಾತ್ರ ತಗೋ.

ಒಪ್ಪದೇ ಇರೋವೂ ಇವೆ. ಒಂದೇ ಸೇವ್ ಸ್ಲಾಟ್ ಅಂತ ಬೈತಾರೆ, ಮೊದಲ ಗೇಮಲ್ಲೂ ಒಂದೇ ಇದ್ದದ್ದು, ಇಲ್ಲಿ ಕೊನೇ ಸಲ ಛತ್ರದಲ್ಲಿ ಮಲಗಿದ ಜಾಗಕ್ಕೆ ವಾಪಸ್ ಹೋಗೋ ಆಯ್ಕೆನೂ ಇದೆ. ಡ್ರ್ಯಾಗನ್ಸ್‌ಪ್ಲೇಗ್ ಅನ್ನೋ ರೋಗದ ಬಗ್ಗೆನೂ ಕೇಳಿರ್ತೀಯ, ರೋಗ ಹತ್ತಿದ ಪಾನ್‌ನ ಜೊತೆಗಿಟ್ಕೊಂಡು ಊರಲ್ಲಿ ಮಲಗಿದ್ರೆ ಬೆಳಗ್ಗೆ ಏಳೋ ಹೊತ್ತಿಗೆ ಊರ ಜನ ಸತ್ತಿರ್ತಾರೆ. ಶುರುವಲ್ಲಿ ಅದರ ಲಕ್ಷಣ ಗೊತ್ತಾಗ್ತಿರ್ಲಿಲ್ಲ, ಆಮೇಲೆ ರೋಗ ಹರಡೋದು ಕಮ್ಮಿ ಮಾಡಿದ್ರು, ಕಣ್ಣು ಹೊಳೆಯೋದು ಚೆನ್ನಾಗಿ ಕಾಣೋ ಹಂಗೆ ಮಾಡಿದ್ರು. ಪಾನ್ ಹೇಳಿದ ಮಾತು ಕೇಳದೆ ಎದುರು ಮಾತಾಡೋಕೆ ಶುರು ಮಾಡಿದ್ರೆ, ತಲೆ ಹಿಡ್ಕೊಂಡ್ರೆ ಎಚ್ಚರ ಆಗು ಅಷ್ಟೇ, ನಿಮ್ಮನೇಲಿ ಒಂದು ತಟ್ಟೆ ಹುಳಕ್ಕೆ ರೋಗ ಕಂಡ್ರೆ ಪಕ್ಕಕ್ಕೆ ಎತ್ತಿಡ್ತೀರಲ್ಲ ಹಂಗೆ ಕಳಿಸಿಬಿಡ್ಬೇಕು. ಇದೂ ಕಷ್ಟ ಅನ್ನೋರಿಗೆ ಆಮೇಲೆ ಕ್ಯಾಶುಯಲ್ ಮೋಡ್ ಅಂತ ಕೊಟ್ಟಿದಾರೆ, ಛತ್ರದ ಖರ್ಚು ಫೆರ‍್ರಿಸ್ಟೋನ್ ಬೆಲೆ ಎಲ್ಲ ಕಮ್ಮಿ ಆಗುತ್ತೆ.

ಈಗ ನೀನು ಏನು ಮಾಡ್ಬೇಕು. ನಾನು ನಿನ್ನ ಜಾಗದಲ್ಲಿದ್ರೆ ಪೂರ್ತಿ ಬೆಲೆಗೆ ಇವತ್ತೇ ತಗೊಳ್ತಿರ್ಲಿಲ್ಲ. ಸ್ಟೀಮ್‌ನಲ್ಲಿ ಬೇಸಿಗೆ, ಚಳಿಗಾಲ ಅಂತ ಸೇಲ್ ಬರ್ತಾನೇ ಇರುತ್ತೆ, ಕ್ಯಾಪ್‌ಕಾಮ್ ಗೇಮ್‌ಗಳಿಗೆ ಆವಾಗ ಒಳ್ಳೇ ಡಿಸ್ಕೌಂಟ್ ಬೀಳುತ್ತೆ, ವಿಷ್‌ಲಿಸ್ಟ್‌ಗೆ ಹಾಕಿಡು ಮೇಲ್ ಬರುತ್ತೆ. ಡೀಲಕ್ಸ್ ಬೇಡ, ಬರೀ ಗೇಮ್ ಸಾಕು. ಅಷ್ಟರೊಳಗೆ ರ‍್ಯಾಮ್ ಧೂಳು ಎಕ್ಸ್‌ಎಂಪಿ ನೋಡ್ಕೋ, ಅದಕ್ಕೆ ಖರ್ಚೇ ಇಲ್ಲ ಅಥವಾ ಒಂದು ಕಡ್ಡಿ ರ‍್ಯಾಮ್ ಅಷ್ಟೇ. ತಗೊಂಡ ದಿನ ಮಾತ್ರ ಹುಷಾರಾಗಿರ್ಬೇಕು. ಸ್ಟೀಮ್‌ನಲ್ಲಿ ತಗೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಡೌನ್‌ಲೋಡ್ ಸಮಯ ಲೆಕ್ಕಕ್ಕಿಲ್ಲ, ಗೇಮ್ ಓಪನ್ ಆಗಿರೋ ಪ್ರತಿ ನಿಮಿಷ ಲೆಕ್ಕ. ಈ ಗೇಮಲ್ಲಿ ಮುಖ ಮೈ ರೂಪಿಸೋಕೆ ಕೂತ್ರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ, ಅಲ್ಲಿಗೆ ಅರ್ಧ ಸಮಯ ಮುಗೀತು. ಅದಕ್ಕೆ ಒಂದು ದಾರಿ ಇದೆ, ಕ್ಯಾರೆಕ್ಟರ್ ಕ್ರಿಯೇಟರ್ ಅಂತ ಬೇರೆ ಫ್ರೀ ಆ್ಯಪ್ ಸ್ಟೀಮ್‌ನಲ್ಲಿ ಬಿಟ್ಟಿದ್ರು, ಅದ್ರಲ್ಲಿ ನಿನ್ನ ಪಾತ್ರ ನಿನ್ನ ಪಾನ್ ಎರಡನ್ನೂ ಎಷ್ಟು ದಿನ ಬೇಕಾದ್ರೂ ಕೂತು ಮಾಡಿ ಸೇವ್ ಮಾಡಿಡು, ಗೇಮಲ್ಲಿ ತಗೊಂಡುಬಿಡಬಹುದು. ಆಮೇಲೆ ಗೇಮ್ ಶುರು ಮಾಡಿ ಕಾಡು ಮೇಡು ಸುತ್ತದೆ ಬಾರ್ಡರ್‌ವಾಚ್ ಔಟ್‌ಪೋಸ್ಟ್ ಅನ್ನೋ ಕಾವಲು ಠಾಣೆ ದಾಟಿ ಗಾಡಿ ಹತ್ತಿ ನೇರ ವರ್ನ್‌ವರ್ತ್‌ಗೆ ಹೋಗು. ಮಾರ್ಕೆಟ್ ಬೀದಿಯಲ್ಲಿ ಹತ್ತು ನಿಮಿಷ ಓಡಾಡು. ನಿನ್ನ ಕಣ್ಣಿಗೆ ತಡ್ಕೋಬಹುದು ಅನ್ನಿಸಿದ್ರೆ ಇಟ್ಕೋ, ಯಾಕಂದ್ರೆ ಅದಕ್ಕಿಂತ ಭಾರದ ಜಾಗ ಮುಂದೆ ಜಾಸ್ತಿ ಇಲ್ಲ. ತಲೆನೋವು ಬಂದ್ರೆ ಅವತ್ತೇ ರೀಫಂಡ್ ಹಾಕು, ಇನ್ನೊಂದು ಸ್ವಲ್ಪ ಆಡಿ ನೋಡೋಣ ಅಂತ ಕೂತು 2 ಗಂಟೆ ದಾಟಿಸ್ಬೇಡ, ಅಲ್ಲೇ ಎಲ್ಲರೂ ಜಾರೋದು. ಬೇರೆ ವೆಬ್‌ಸೈಟ್‌ಗಳಲ್ಲಿ ಕಮ್ಮಿಗೆ ಸಿಗೋ ಕೀ ತಗೊಂಡ್ರೆ ಸ್ಟೀಮ್‌ನ ಈ ರೀಫಂಡ್ ಸಿಗಲ್ಲ, ಅದೂ ಗೊತ್ತಿರ್ಲಿ.

ಸೇಲ್ ಬರೋವರೆಗೂ ಕೈ ಕಡೀತಿದ್ರೆ ಡಾರ್ಕ್ ಅರಿಸನ್ ಇನ್ನೊಂದ್ಸಲ ಶುರು ಮಾಡು, ಈ ಸಲ ಎಟರ್ನಲ್ ಫೆರ‍್ರಿಸ್ಟೋನ್‌ನ ಸ್ಟೋರೇಜ್‌ನಲ್ಲೇ ಬಿಟ್ಟು ಆ ಗೇಮಿನ ಗ್ರಾನ್ಸಿಸ್ ನಾಡು ಪೂರ್ತಿ ಕಾಲಲ್ಲೇ ಓಡಾಡು. ಹತ್ತು ಗಂಟೆ ಹಂಗೆ ಆಡಿ ಖುಷಿ ಸಿಕ್ಕಿದ್ರೆ ಎರಡನೇ ಭಾಗ ನಿಂಗೆ ಹಿಡಿಸುತ್ತೆ, ಮೂರನೇ ದಿನಕ್ಕೇ ಕಲ್ಲು ಎತ್ಕೊಳ್ಳೋಣ ಅನ್ನಿಸಿದ್ರೆ ಸೇಲ್‌ನಲ್ಲೂ ತಗೋಬೇಡ. ಬೇರೆಯೋರ ಸಾವಿರ ರಿವ್ಯೂ ಓದೋದಕ್ಕಿಂತ ಇದು ನಿಂಗೆ ಸರಿಯಾಗಿ ಹೇಳುತ್ತೆ, ಪುಕ್ಕಟೆ ಬೇರೆ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪೇಜು, ಕೇಸ್ ಬಿಚ್ಚಿ ರ‍್ಯಾಮ್ ಸ್ಲಾಟು, ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬ) ಮೇಲಿನ ಸ್ಟಿಕ್ಕರ್, ಈ ಮೂರರ ಫೋಟೋ ತೆಗೆದು ಕಳ್ಸು, ಬೋರ್ಡ್ ಮಾಡೆಲ್ ನಂಬರೂ ಬರೆದು ಕಳ್ಸು. ಕೇಸ್ ಬಿಚ್ಚೋ ಮುಂಚೆ ಪ್ಲಗ್ ಕಿತ್ತಿಡು ಮರೀಬೇಡ. ಈ ಬೆಳೆ ಗೂಡು ಮಾರಿ ಬಿಡುವಾದ್ಮೇಲೆ ಕೋಲಾರದ ಕಡೆ ಬಂದ್ರೆ ಕೇಸ್ ತಂದುಬಿಡು, ಕ್ಲೀನ್ ಮಾಡಿ ಪೇಸ್ಟ್ ಹಾಕಿ ಕೊಡ್ತೀನಿ.